ಪದಚರ್ಚೆ: ಗುಜ್ಜೆಯನ್ನು ‘ಸಸ್ಯಮಾಂಸ’ ಅನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಲೇಬಲ್ಲಿಗೆ ಕನ್ನಡ ಪದ ಬೇಕಾಗಿದೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮೂರಿನ ಹೆಂಗಸರ ಸಂಘವೊಂದು ಗುಜ್ಜೆಯನ್ನು, ಅಂದರೆ ಎಳೆ ಹಲಸಿನಕಾಯಿಯನ್ನು, ಹೆಚ್ಚಿ, ಅರೆಬೇಯಿಸಿ, ಪ್ಯಾಕೆಟ್ ಮಾಡಿ ಮಾರಲು ಹೊರಟಿದೆ. ಜೊತೆಗೆ ಸೋಯಾ ಚಂಕ್ಸಿಗೆ ಮಸಾಲೆ ಪುಡಿ ಸೇರಿಸಿದ ಇನ್ನೊಂದು ಪ್ಯಾಕೆಟ್ಟೂ ಉಂಟು. ಮಲಯಾಳದ ಹೆಸರು ಆಗಲೇ ತೀರ್ಮಾನ ಆಗಿದೆ. ಗುಜ್ಜೆಗೆ ಅವರಲ್ಲಿ ‘ಇಡಿಚಕ್ಕ’ ಅನ್ನುತ್ತಾರೆ, ಅದನ್ನೇ ಹಾಕಿದರು, ಮುಗಿಯಿತು. ಕನ್ನಡದ ಸಾಲು ಮಾತ್ರ ಖಾಲಿ ಇದೆ. ಯಾಕೆಂದರೆ ಸರಕು ಕೇಳಿದ ಮಂಗಳೂರಿನ ಅಂಗಡಿಯವರು ‘ಪ್ಲಾಂಟ್ ಬೇಸ್ಡ್ ಮೀಟ್ (ಗಿಡದಿಂದ ಮಾಡಿದ ಮಾಂಸದಂಥ ಆಹಾರ) ಅನ್ನುವುದನ್ನು ಕನ್ನಡದಲ್ಲಿ ಹಾಕಿ, ಈಗ ಅದಕ್ಕೇ ಜನ ಬರುವುದು’ ಎಂದಿದ್ದಾರೆ. ಸಂಘದ ಅಕ್ಕ ಒಬ್ಬರು ಕಾಗದ ಹಿಡಿದುಕೊಂಡು ನನ್ನ ಹತ್ತಿರ ಬಂದರು. ‘ಮಾಷ್ಟ್ರೇ, ಮಾಂಸ ಅಂತ ಬರೆದರೆ ನಮ್ಮ ಅತ್ತೆ ಈ ಪ್ಯಾಕೆಟನ್ನು ಅಡುಗೆಮನೆಯೊಳಗೆ ಬಿಡುವುದಿಲ್ಲ. ಬರೆಯದಿದ್ದರೆ ಅಂಗಡಿಯವರು ತೆಗೆದುಕೊಳ್ಳುವುದಿಲ್ಲ. ಎಂತ ಮಾಡುವುದು?’

ಪತ್ರಿಕೆಗಳಲ್ಲಿ, ಜಾಹೀರಾತುಗಳಲ್ಲಿ ಓಡಾಡುವ ಪದಗಳನ್ನೆಲ್ಲ ಒಮ್ಮೆ ಸಾಲಾಗಿ ನೋಡಿದೆ. ಒಂದೊಂದರಲ್ಲಿ ಒಂದೊಂದು ತಕರಾರು.

‘ಸಸ್ಯಾಹಾರಿ ಮಾಂಸ’ ಎಲ್ಲಕ್ಕಿಂತ ತಮಾಷೆಯದು. ಸಸ್ಯಾಹಾರಿ ಅಂದರೆ ಸೊಪ್ಪು ಹುಲ್ಲು ತಿನ್ನುವವನು. ಹಾಗೆ ನೋಡಿದರೆ ಆಡಿನ ಮಾಂಸವೇ ಅಪ್ಪಟ ಸಸ್ಯಾಹಾರಿ ಮಾಂಸ ಅಲ್ವಾ? ‘ನಕಲಿ ಮಾಂಸ’ ಅಂದರೆ ಯಾರೋ ಮೋಸ ಮಾಡಿ ಮಾರಿದ ಹಾಗೆ ಕೇಳುತ್ತದೆ. ‘ಪರ್ಯಾಯ ಮಾಂಸ’ ಬರಹದಲ್ಲಿ ಸರಿಯಾಗಿಯೇ ಕಾಣುತ್ತದೆ, ಆದರೆ ನಮ್ಮ ಕರಾವಳಿಯಲ್ಲಿ ಪರ್ಯಾಯ ಅಂದ ಕೂಡಲೇ ಉಡುಪಿಯ ಅಷ್ಟಮಠಗಳ ನೆನಪು ಬರುತ್ತದೆ. ಆ ಪದದ ಪಕ್ಕದಲ್ಲಿ ಮಾಂಸವನ್ನು ಕೂರಿಸುವ ಧೈರ್ಯ ನನಗಿಲ್ಲ. ‘ಕೃತಕ ಮಾಂಸ’ ಬೇರೆಯೇ ವಸ್ತುವಿಗೆ ಬೇಕಾಗುವ ಪದ. ಪ್ರಾಣಿಯ ಜೀವಕೋಶ ತೆಗೆದು ತೊಟ್ಟಿಯಲ್ಲಿ ಬೆಳೆಸುವ ಮಾಂಸ ಈಗ ಬಂದಿದೆ. ಸಿಂಗಾಪುರ 2020ರಲ್ಲಿ ಅಂಥ ಕೋಳಿ ಮಾಂಸದ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು. ಅದು ನಿಜವಾಗಿಯೂ ಕೋಳಿಯ ಮಾಂಸವೇ, ಕೋಳಿ ಮಾತ್ರ ಇಲ್ಲ. ಅದಕ್ಕೂ ಗುಜ್ಜೆಗೂ ಒಂದೇ ಹೆಸರು ಇಟ್ಟರೆ ಮುಂದೆ ಫಜೀತಿ.

ಉಳಿದದ್ದು ‘ಸಸ್ಯಮಾಂಸ’. ಚಿಕ್ಕದಾಗಿದೆ, ಬಾಯಿಗೆ ಸಲೀಸಾಗಿ ಬರುತ್ತದೆ. ಆದರೂ ಒಪ್ಪಲು ಮನಸ್ಸಾಗುತ್ತಿಲ್ಲ. ಇಂಗ್ಲಿಷಿನ ‘ಮೀಟ್’ ಮೊದಲು ಯಾವುದೇ ಆಹಾರಕ್ಕೂ ನಡೆಯುತ್ತಿದ್ದ ಪದ. ತೆಂಗಿನಕಾಯಿಯ ಒಳಗಿನ ಬಿಳಿ ಭಾಗವನ್ನೂ ಅವರು ಮೀಟ್ ಅಂತಲೇ ಕರೆಯುತ್ತಾರೆ. (ಕಂಪ್ಯೂಟರ್ ಅನುವಾದದಲ್ಲಿ ‘ತೆಂಗಿನ ಮಾಂಸ’ ಅಂತ ಓದಿ ನಕ್ಕವರು ಈ ಬಳಗದಲ್ಲೇ ಇದ್ದಾರೆ.) ಕನ್ನಡದ ಮಾಂಸಕ್ಕೆ ಆ ವಿಶಾಲತೆ ಇಲ್ಲ. ಪಾಠಪುಸ್ತಕದಲ್ಲಿ ‘ಮಾಂಸಲ ಹಣ್ಣು’ ಅಂತ ಓದಿದ್ದೇವೆ, ನಿಜ. ಆದರೆ ಯಾರೂ ಮಾವಿನ ಮಾಂಸ ತಿಂದೆ ಅನ್ನುವುದಿಲ್ಲ. ಬಾಡು ಅನ್ನಿ, ಹಳೆಗನ್ನಡದ ಅಡಗು ಅನ್ನಿ, ನಮ್ಮ ಪದಗಳೆಲ್ಲ ಪ್ರಾಣಿಯ ಮೈಗೇ ಅಂಟಿಕೊಂಡಿವೆ. ಗಿಡದ್ದಾದರೆ ತಿರುಳು, ಸೊಳೆ, ಬೇಳೆ, ರಚ್ಚೆ ಅಂತ ಬೇರೆ ಬೇರೆ ಹೆಸರು ಉಂಟಲ್ಲ. ಹಲಸು ಒಂದಕ್ಕೇ ಎಷ್ಟೊಂದು!

ಇನ್ನೊಂದು ಮಾತು. ಮಾಂಸಕ್ಕೆ ‘ಬದಲಿ’ ಬೇಕಾಗುವುದು ಮಾಂಸ ಬಿಡಲು ಹೊರಟವನಿಗೆ. ಇಂಗ್ಲಿಷಿನ ಹೆಸರು ಹುಟ್ಟಿದ್ದು ಅಂಥವನನ್ನು ಕಣ್ಣಮುಂದೆ ಇಟ್ಟುಕೊಂಡು. ಕಾಸರಗೋಡಿನಲ್ಲಿ ಗುಜ್ಜೆ ಕೊಳ್ಳುವವರು ಯಾರು? ಒಂದು ಕಡೆ ಹುಟ್ಟಿನಿಂದ ಮಾಂಸ ಮುಟ್ಟದ ಮನೆಯವರು. ಅವರಿಗೆ ಅದು ಯಾವುದರ ಬದಲಿಯೂ ಅಲ್ಲ, ಮದುವೆ ಊಟದ ಎಲೆಯ ಮೇಲಿನ ಪಲ್ಯ. ಇನ್ನೊಂದು ಕಡೆ ಕೋಳಿ ಮೀನು ತಿನ್ನುವ ಮನೆಯವರು. ಶಬರಿಮಲೆಗೆ ಮಾಲೆ ಹಾಕಿದಾಗ, ಸಂಕ್ರಾಂತಿಗೆ, ಮನೆಯಲ್ಲಿ ಪೂಜೆ ಇದ್ದಾಗ ಅವರಿಗೆ ಕೋಳಿ ಬೇಡ, ಆದರೆ ಕಾಯಿತುರಿ, ಮಸಾಲೆ ಹಾಕಿ ಒಣಗಲಾಗಿ ಮಾಡುವ ಸುಕ್ಕ ಬೇಕು. ಆಗ ‘ಗುಜ್ಜೆ ಸುಕ್ಕ’ ಆಗುತ್ತದೆ. ಯಾರೂ ‘ಬದಲಿ ಕೋಳಿ’ ಅಂತ ಹೆಸರಿಡಲಿಲ್ಲ. ಸುಕ್ಕ ಅನ್ನುವುದು ಮಾಂಸದ ಹೆಸರಲ್ಲ, ಮಾಡುವ ಬಗೆಯ ಹೆಸರು. ಕೋಳಿ ಸುಕ್ಕ, ಮರುವಾಯಿ (ಚಿಪ್ಪುಮೀನು) ಸುಕ್ಕ, ಕಡ್ಲೆ ಸುಕ್ಕ, ಅಣಬೆ ಸುಕ್ಕ ಎಲ್ಲ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ನನ್ನ ಒಲವು ಈ ದಾರಿಯ ಕಡೆಗೆ: ವಸ್ತುವಿನ ಹೆಸರು ಮೊದಲು, ಅಡುಗೆಯ ಹೆಸರು ಆಮೇಲೆ, ಮಾಂಸ ಅನ್ನುವ ಪದವೇ ಬೇಡ.

ಅಂಗಡಿಯವರು ಇದನ್ನು ಒಪ್ಪಲಿಲ್ಲ. ‘ರುಚಿಯೂ ಮಾಂಸದ್ದೇ, ಆರೋಗ್ಯಕ್ಕೂ ಒಳ್ಳೆಯದು ಅಂತ ಒಂದೇ ಪದದಲ್ಲಿ ಗೊತ್ತಾಗಬೇಕು’ ಅನ್ನುತ್ತಾರೆ. ಆ ಎರಡು ಮಾತು ಈ ಎರಡು ಪ್ಯಾಕೆಟ್ಟುಗಳಿಗೂ ಒಪ್ಪುತ್ತದೆಯೇ ಅನ್ನುವುದೇ ನನ್ನ ಅನುಮಾನ.

ರುಚಿಯ ವಿಷಯಕ್ಕೆ ಬರೋಣ. ಮಾಂಸ ಕಾವಲಿಯಲ್ಲಿ ಕೆಂಪಗಾಗುವಾಗ ಬರುವ ಘಮ ಹುಟ್ಟುವುದು ಪ್ರೊಟೀನಿನ ಅಂಶ ಮತ್ತು ಸಕ್ಕರೆ ಬಿಸಿಗೆ ಸೇರಿದಾಗ. ಫ್ರಾನ್ಸಿನ ರಸಾಯನ ವಿಜ್ಞಾನಿ ಮೇಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಜೊತೆಗೆ ಕೊಬ್ಬು ಇದೆ, ರಕ್ತದಲ್ಲೂ ಮಾಂಸಖಂಡದಲ್ಲೂ ಇರುವ, ಕಬ್ಬಿಣದ ಅಂಶವುಳ್ಳ ಹೀಮ್ ಅನ್ನುವ ವಸ್ತು ಇದೆ. ಅಮೆರಿಕದ ಇಂಪಾಸಿಬಲ್ ಫುಡ್ಸ್ ಕಂಪೆನಿ 2016ರಲ್ಲಿ ಗಿಡಮೂಲದ ಬರ್ಗರ್ ತಂದಾಗ ಈ ಹೀಮನ್ನೇ ಹಿಡಿದಿತ್ತು. ಸೋಯಾ ಗಿಡದ ಬೇರಿನ ಗಂಟುಗಳಲ್ಲಿ ಅಂಥದೇ ಒಂದು ವಸ್ತು ಇದೆ. ಅದನ್ನು ಯೀಸ್ಟಿನ ಮೂಲಕ ತಯಾರಿಸಿ ಬೆರೆಸಿದರು. ಹಾಗಾಗಿ ಅದರ ರುಚಿ ಮಾಂಸದ್ದು ಅನ್ನುವ ಮಾತಿಗೆ ಏನಾದರೂ ಆಧಾರ ಉಂಟು.

ಗುಜ್ಜೆಗೆ ಇದ್ಯಾವುದೂ ಇಲ್ಲ. ಪ್ರೊಟೀನ್ ಕಡಿಮೆ, ಕೊಬ್ಬು ಇಲ್ಲವೇ ಇಲ್ಲ ಅನ್ನಬಹುದು. ಅದರದ್ದೇ ಆದ ಜೋರು ರುಚಿಯೂ ಇಲ್ಲ, ಸ್ವಲ್ಪ ಒಗರು ಅಷ್ಟೇ. ಅದೇ ಅದರ ಗುಣ. ಹುರಿದ ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತೆ, ಬೆಳ್ಳುಳ್ಳಿ, ಕಾಯಿತುರಿ ಎಲ್ಲವನ್ನೂ ಎಳೆ ಎಳೆಯಾಗಿ ಹೀರಿಕೊಳ್ಳುತ್ತದೆ. ಆದ್ದರಿಂದ ಗುಜ್ಜೆ ಸುಕ್ಕದಲ್ಲಿ ‘ಕೋಳಿಯ ಹಾಗೇ ಇದೆ’ ಅನ್ನುವವರಿಗೆ ಸಿಕ್ಕಿದ್ದು ಮಸಾಲೆಯ ರುಚಿ. ಕೋಳಿಯನ್ನು ನೆನಪಿಸುವುದು ಹಲ್ಲಿಗೆ ಸಿಗುವ ನಾರು. ಅದೂ ಹದ ಸರಿಯಾಗಿದ್ದರೆ ಮಾತ್ರ. ಬೀಜ ಗಟ್ಟಿಯಾಗುವ ಮೊದಲೇ ಕೊಯ್ಯಬೇಕು. ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಳ್ಳದೆ ಹೆಚ್ಚಲು ಕೂತರೆ ಮೇಣ ಬಿಡಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ. ಬೆಂದ ತುಂಡನ್ನು ಬೆರಳಲ್ಲಿ ಒತ್ತಿದರೆ ಎಳೆಗಳು ಬಿಟ್ಟುಕೊಳ್ಳಬೇಕು, ಮುದ್ದೆಯಾಗಬಾರದು. ಪ್ಯಾಕೆಟ್ಟಿಗೆ ಅರೆಬೇಯಿಸುವ ಕಾರಣವೂ ಇದೇ. ಪೂರ್ತಿ ಬೇಯಿಸಿದರೆ ಮನೆಯಲ್ಲಿ ಎರಡನೇ ಸಲ ಒಲೆಗೆ ಹೋದಾಗ ಗೊಜ್ಜಾಗುತ್ತದೆ.

ಸೋಯಾದ ಕಥೆ ಬೇರೆ. ಎಣ್ಣೆ ತೆಗೆದ ಸೋಯಾ ಹಿಟ್ಟನ್ನು ನೀರು ಬೆರೆಸಿ, ಬಿಸಿ ಮತ್ತು ಒತ್ತಡದಲ್ಲಿ ಸಣ್ಣ ತೂತಿನಿಂದ ಹೊರಗೆ ತಳ್ಳಿದಾಗ ಅದು ಉಬ್ಬಿ ಸ್ಪಂಜಿನ ಹಾಗೆ ಆಗುತ್ತದೆ. ಅದಕ್ಕೆ ಹಸಿ ಕಾಳಿನ ಒಂದು ವಾಸನೆ ಉಂಟು, ಹೆಚ್ಚಿನವರು ಬೇಡ ಅನ್ನುವುದು ಅದಕ್ಕೇ. ಉಪ್ಪು ಹಾಕಿದ ಬಿಸಿನೀರಿನಲ್ಲಿ ನೆನೆಸಿ, ಹಿಂಡಿ, ತಣ್ಣೀರಲ್ಲಿ ತೊಳೆದು ಮತ್ತೆ ಹಿಂಡಿದರೆ ಬಹುಪಾಲು ಹೋಗುತ್ತದೆ. ಆಮೇಲೆ ಮಸಾಲೆಗೆ ಹಾಕುವ ಮೊದಲು ಎಣ್ಣೆಯಲ್ಲಿ ಅಂಚು ಕೆಂಪಗಾಗುವವರೆಗೆ ಹುರಿಯಬೇಕು. ಪ್ರೊಟೀನ್ ಇರುವುದರಿಂದ ಇಲ್ಲಿ ಮೇಯಾರನ ಘಮ ಬಂದೇ ಬರುತ್ತದೆ. ಸುಮ್ನೆ ಸಾರಿಗೆ ಸುರಿದು ಕುದಿಸುವವರಿಗೆ ಇದು ಸಿಗುವುದಿಲ್ಲ.

ಆರೋಗ್ಯದ ಮಾತಿನಲ್ಲಂತೂ ಎರಡು ಪ್ಯಾಕೆಟ್ಟುಗಳಿಗೆ ಸಂಬಂಧವೇ ಇಲ್ಲ. ಒಣ ಸೋಯಾ ಚಂಕ್ಸ್ 100 ಗ್ರಾಂನಲ್ಲಿ ಸುಮಾರು 50 ಗ್ರಾಂ ಪ್ರೊಟೀನ್ ಇರುತ್ತದೆ. ನೀರು ಕುಡಿದು ಅದರ ತೂಕ ಮೂರು ಪಟ್ಟಿನ ಹತ್ತಿರ ಆಗುವುದರಿಂದ ಬಡಿಸಿದ 100 ಗ್ರಾಂನಲ್ಲಿ ಸಿಗುವುದು 15ರಿಂದ 20 ಗ್ರಾಂ. ಆದರೂ ಕಡಿಮೆಯೇನಲ್ಲ, ಕೋಳಿಯ ಹತ್ತಿರಕ್ಕೆ ಬಂತು. ಗುಜ್ಜೆಯಲ್ಲಿ 2–3 ಗ್ರಾಂ. ನಾರಿನಂಶ ಚೆನ್ನಾಗಿದೆ, ಹೊಟ್ಟೆ ತುಂಬುತ್ತದೆ, ಕ್ಯಾಲೊರಿ ಕಡಿಮೆ. ಆದರೆ ಮಾಂಸ ಬಿಟ್ಟು ಗುಜ್ಜೆ ಹಿಡಿದವನಿಗೆ ಪ್ರೊಟೀನ್ ಬೇರೆ ಕಡೆಯಿಂದ ಬರಬೇಕು. ಗುಜ್ಜೆಗೆ ಕಡ್ಲೆ ಸೇರಿಸುವ ನಮ್ಮ ಪಲ್ಯದಲ್ಲಿ ಅದು ಬರುತ್ತದೆ. ಹಿಂದಿನವರು ಅದನ್ನು ಲೆಕ್ಕ ಹಾಕಿ ಮಾಡಿದರೋ ರುಚಿಗೆ ಮಾಡಿದರೋ, ಎರಡೂ ಒಳ್ಳೆಯದೇ. ಬಿ12 ವಿಟಮಿನ್ ಮಾತ್ರ ಎರಡರಲ್ಲೂ ಇಲ್ಲ. ಕಾರ್ಖಾನೆಯಲ್ಲಿ ಸೇರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಈಗ ಎರಡಕ್ಕೂ ‘ಸಸ್ಯಮಾಂಸ’ ಅಂತ ಅಂಟಿಸಿದರೆ ಗುಜ್ಜೆ ಕೊಂಡವನು ಸೋಯಾದ ಪ್ರೊಟೀನ್ ತಿಂದೆ ಅಂತ ಅಂದುಕೊಳ್ಳುತ್ತಾನೆ. ನನ್ನ ಮುಖ್ಯ ತಕರಾರು ಇದೇ.

‘ಮಾಂಸಕ್ಕಿಂತ ಒಳ್ಳೆಯದು’ ಅಂತ ಸಾಬೀತಾಗಿದೆಯಲ್ಲ ಎಂದು ಕೇಳುವವರು ಸಾಮಾನ್ಯವಾಗಿ ಹೇಳುವುದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 2020ರ ಅಧ್ಯಯನವನ್ನು. 36 ಮಂದಿ 8 ವಾರ ಮಾಂಸ, 8 ವಾರ ಗಿಡಮೂಲದ ಬದಲಿ ತಿಂದರು. ಬದಲಿ ತಿಂದಾಗ ಕೆಟ್ಟ ಕೊಲೆಸ್ಟೆರಾಲ್ ಕಡಿಮೆಯಾಯಿತು, ತೂಕವೂ ಸ್ವಲ್ಪ ಇಳಿಯಿತು. ಒಳ್ಳೆಯ ಸುದ್ದಿಯೇ. ಆದರೆ ಹಣದ ನೆರವು ಬಂದದ್ದು ಬದಲಿ ಮಾಂಸ ತಯಾರಿಸುವ ಕಂಪೆನಿಯಿಂದ. ಮತ್ತೆ, ಅಲ್ಲಿ ಹೋಲಿಸಿದ್ದು ಮಾಂಸದ ಜೊತೆಗೆ, ಕಡ್ಲೆ ಗಸಿಯ ಜೊತೆಗಲ್ಲ. ಪ್ಯಾಕೆಟ್ಟಿನ ಬರ್ಗರ್ ತುಂಡುಗಳಲ್ಲಿ ಉಪ್ಪು ಜಾಸ್ತಿ ಇರುತ್ತದೆ. ಕೆಲವದಕ್ಕೆ ಕೊಬ್ಬಿನ ರುಚಿ ಬರಲಿ ಅಂತ ತೆಂಗಿನೆಣ್ಣೆ ಹಾಕುತ್ತಾರೆ. ತೆಂಗಿನೆಣ್ಣೆಯ ಊರಿನಲ್ಲಿ ಕೂತು ಅದನ್ನು ಬೈಯುವುದು ಕಷ್ಟ, ಆದರೂ ಅದು ಹೆಚ್ಚಿನ ಪಾಲು ಸ್ಯಾಚುರೇಟೆಡ್ ಕೊಬ್ಬು, ಅಂದರೆ ಕೆಟ್ಟ ಕೊಲೆಸ್ಟೆರಾಲ್ ಏರಿಸುವಂಥದ್ದು, ಅನ್ನುವುದು ನಿಜ.

ಆರೋಗ್ಯದ ಸಾಲಿನಲ್ಲಿ ಪದದ ಗೊಂದಲ ಇನ್ನೊಂದು ಉಂಟು. ‘ಹಲಸು ಸಕ್ಕರೆ ಕಾಯಿಲೆಗೆ ಒಳ್ಳೆಯದು’ ಅಂತ ಲೇಬಲ್ಲಿನಲ್ಲಿ ಹಾಕಲು ಸಂಘದವರಿಗೆ ಆಸೆ. 2021ರಲ್ಲಿ ಬಂದ ಒಂದು ಪ್ರಯೋಗದಲ್ಲಿ ಅನ್ನ, ಗೋಧಿಯ ಸ್ವಲ್ಪ ಪಾಲಿಗೆ ಬದಲಾಗಿ ಹಲಸಿನ ಹಿಟ್ಟು ತಿಂದವರ ಸಕ್ಕರೆ ಇಳಿದದ್ದು ಹೌದು. ಇಂಗ್ಲಿಷಿನಲ್ಲಿ ಅದಕ್ಕೆ ‘ಗ್ರೀನ್ ಜಾಕ್‌ಫ್ರೂಟ್’ ಅಂತ ಬರೆದರು. ಕನ್ನಡ ಪತ್ರಿಕೆಗಳಲ್ಲಿ ಅದು ‘ಹಸಿರು ಹಲಸು’ ಆಯಿತು, ನಮ್ಮೂರಿಗೆ ಬರುವಾಗ ಗುಜ್ಜೆ ಆಯಿತು. ನಿಜವಾಗಿ ಅದು ಬಲಿತ, ಆದರೆ ಹಣ್ಣಾಗದ ಕಾಯಿಯ ಸೊಳೆಯ ಹಿಟ್ಟು. ನಾವು ಮಳೆಗಾಲಕ್ಕೆ ಉಪ್ಪುಸೊಳೆ ಹಾಕುವ ಹದದ್ದು. ಗುಜ್ಜೆ, ಹಲಸಿನಕಾಯಿ, ಹಲಸಿನಹಣ್ಣು ಅಂತ ನಮ್ಮಲ್ಲಿ ಮೂರು ಹೆಸರು ಗಟ್ಟಿಯಾಗಿ ಇರುವಾಗ ‘ಹಸಿರು ಹಲಸು’ ಯಾಕೆ ಬೇಕು? ಕೇರಳ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣು ಅಂತ ಸಾರಿದ ಮೇಲೆ ಇಂಥ ಬರಹಗಳಿಗೆ ಕೊರತೆಯೇ ಇಲ್ಲ. ಆ ಸಾಲು ಬೇಡ ಎಂದು ಸಂಘದವರಿಗೆ ಹೇಳಿದ್ದೇನೆ. ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ.

ಸದ್ಯ ನಾನು ಬರೆದುಕೊಟ್ಟದ್ದು ಹೀಗಿದೆ. ಒಂದರ ಮೇಲೆ ‘ಗುಜ್ಜೆ ತುಂಡು, ಸುಕ್ಕಕ್ಕೆ ಪಲ್ಯಕ್ಕೆ’. ಇನ್ನೊಂದರ ಮೇಲೆ ‘ಮಸಾಲೆ ಸೋಯಾ, ಪ್ರೊಟೀನ್ ಉಳ್ಳದ್ದು’. ಹಸಿರು ಚುಕ್ಕೆ ಹೇಗೂ ಇರುತ್ತದೆ, ಅತ್ತೆಯವರಿಗೆ ಅಷ್ಟು ಸಾಕು. ಅಂಗಡಿಯವರಿಗೆ ಬೇಕಾದ ‘ಪ್ಲಾಂಟ್ ಬೇಸ್ಡ್’ ಅನ್ನುವುದನ್ನು ‘ಗಿಡಮೂಲದ ಆಹಾರ’ ಅಂತ ಚಿಕ್ಕ ಅಕ್ಷರದಲ್ಲಿ ಕೆಳಗೆ ಹಾಕಬಹುದು.

ಈಗ ಬಳಗಕ್ಕೆ ನನ್ನ ಪ್ರಶ್ನೆಗಳು. ‘ಗುಜ್ಜೆ’ ಮಂಗಳೂರು, ಪುತ್ತೂರಿನವರೆಗೆ ಗೊತ್ತು. ಘಟ್ಟ ಹತ್ತಿದ ಮೇಲೆ ಗೊತ್ತಾಗುತ್ತದೆಯೇ? ಮೈಸೂರು, ತುಮಕೂರು ಕಡೆಯವರು ಎಳೆ ಹಲಸಿಗೆ ಒಂದೇ ಪದದಲ್ಲಿ ಏನನ್ನುತ್ತಾರೆ, ಅಥವಾ ‘ಎಳೆ ಹಲಸಿನಕಾಯಿ’ ಅಂತಲೇ ಬರೆಯಬೇಕೇ?

ಸೋಯಾ ಚಂಕ್ಸಿಗೆ ತೆಲುಗು, ತಮಿಳು ಕಡೆ ‘ಮೀಲ್ ಮೇಕರ್’ ಅನ್ನುತ್ತಾರೆ. ಮಡಕಶಿರಾ, ಆದೋನಿ, ಹೊಸೂರಿನ ಕನ್ನಡದ ಮನೆಗಳಲ್ಲೂ ಅದೇ ನಡೆಯುತ್ತದೆಯೇ? ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ ಕಡೆಯವರು ಸಂತೆಯಲ್ಲಿ ಏನಂತ ಕೇಳಿ ಕೊಳ್ಳುತ್ತೀರಿ?

ಕಡೆಯದು ನನಗೆ ಎಲ್ಲಕ್ಕಿಂತ ಬೇಕಾದದ್ದು. ಬೆಂದ ತುಂಡನ್ನು ಅಗಿಯುವಾಗ ಹಲ್ಲಿಗೆ ಸಿಗುವ ಆ ನಾರುನಾರಾದ ಬಿಗಿಗೆ ಒಂದು ಪದ ಬೇಕು. ‘ಹದ’ ಬೇಯಿಸುವುದಕ್ಕೆ ಸೇರಿದ್ದು. ‘ವಿನ್ಯಾಸ’ ಅಂತ ಬರೆಯುತ್ತಾರೆ, ಅದು ಸೀರೆಯ ಅಂಚಿಗೆ ಸರಿ, ಬಾಯಿಗಲ್ಲ. ‘ಅಗಿತ’ ಅಂತ ನಾನೇ ಮಾಡಿಕೊಂಡು ಸಂಘದಲ್ಲಿ ಹೇಳಿ ನೋಡಿದೆ. ‘ಅಗೆತವಾ ಮಾಷ್ಟ್ರೇ, ತೋಟದ್ದಾ?’ ಅಂತ ಕೇಳಿದರು. ನಿಮ್ಮ ಮನೆಮಾತಿನಲ್ಲಿ, ಹವ್ಯಕವಿರಲಿ, ತುಳುವಿರಲಿ, ಕೋಟದ ಕನ್ನಡವಿರಲಿ, ಇದಕ್ಕೆ ಅಡುಗೆಮನೆಯಲ್ಲಿ ಆಡುವ ಮಾತು ಇದ್ದರೆ ಅದನ್ನೇ ಬರೆಯಿರಿ. ಜೊತೆಗೆ ಒಂದು ವಾಕ್ಯದ ಬಳಕೆಯೂ ಇದ್ದರೆ ಒಳ್ಳೆಯದು. ಲೇಬಲ್ ಅಚ್ಚಿಗೆ ಹೋಗಲು ಇನ್ನೂ ಸ್ವಲ್ಪ ಸಮಯ ಉಂಟು.