ಪದಚರ್ಚೆ: ವಾರ್ಡಿನ ‘ಡೆಲಿಗೇಷನ್’ಗೆ ಕನ್ನಡದಲ್ಲಿ ಏನು?

ತುಮಕೂರಿನಿಂದ:
ಆಸ್ಪತ್ರೆಯ ವಾರ್ಡಿಗೆ ಹಾಕುವ ಬೋರ್ಡು ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ಇಂಗ್ಲಿಷಿನ ‘ಫೈವ್ ರೈಟ್ಸ್ ಆಫ್ ಡೆಲಿಗೇಷನ್’ಗೆ ಕರಡಿನಲ್ಲಿ ‘ಪ್ರತ್ಯಾಯೋಜನೆಯ ಐದು ಹಕ್ಕುಗಳು’ ಎಂದಿದೆ. ನರ್ಸ್ ತನ್ನ ಕೆಲಸದಲ್ಲಿ ಒಂದಷ್ಟನ್ನು ಸಹಾಯಕಿಯಿಂದ ಮಾಡಿಸುತ್ತಾರೆ, ಆದರೆ ಅದಕ್ಕೆ ಉತ್ತರ ಹೇಳಬೇಕಾದವರು ನರ್ಸೇ. ಈ ಅರ್ಥ ಬರಬೇಕು. ಆಯಾಗಳೂ ಓದುವ ಬೋರ್ಡು.

ಕೋಲಾರದಿಂದ:
ಮೊದಲು ‘ಹಕ್ಕು’ ಕಿತ್ತುಹಾಕಿ. ಅಮೆರಿಕದ ನರ್ಸಿಂಗ್ ಮಂಡಳಿಗಳ ಆ ಪಟ್ಟಿಯಲ್ಲಿ ‘ರೈಟ್’ ಎಂದರೆ ‘ಸರಿಯಾದ’: ಕೆಲಸ, ಸಂದರ್ಭ, ವ್ಯಕ್ತಿ, ಸೂಚನೆ, ಮೇಲ್ವಿಚಾರಣೆ ಐದೂ ಸರಿಯಿರಬೇಕು. ‘ಪ್ರತ್ಯಾಯೋಜನೆ’ ಆರ್ಥಿಕ ಅಧಿಕಾರದ ಆದೇಶಗಳಲ್ಲೇ ಇರಲಿ. ‘ನಿಯೋಜನೆ’ ಎಂದರೆ ಡೆಪ್ಯುಟೇಷನ್ ಅಂದುಕೊಳ್ಳುತ್ತಾರೆ. ‘ಒಪ್ಪಿಸು’ ಅನ್ನಿ. ಒಪ್ಪು ಅದರ ಬೇರು. ಬಾರದ ಕೆಲಸವನ್ನು ಸಹಾಯಕಿ ಒಪ್ಪದೆ ಇರಬಹುದು ಎಂಬುದೂ ಅದರೊಳಗೇ ಇದೆ.

ಚಿಕ್ಕಬಳ್ಳಾಪುರದಿಂದ:
ಆಗದು ಸಾರ್. ಒಪ್ಪಿಸುವುದು ಪಾಳಿ ಬದಲಾಗುವಾಗ. ಅಲ್ಲಿ ರೋಗಿಯ ಜೊತೆ ಹೊಣೆಯೂ ಮುಂದಿನ ನರ್ಸ್‌ಗೆ ಹೋಗುತ್ತದೆ. ಇಲ್ಲಿ ಕೆಲಸ ಮಾತ್ರ ಹೋಗುತ್ತದೆ. ಎರಡಕ್ಕೂ ಒಂದೇ ಪದವಾದರೆ ‘ಒಪ್ಪಿಸಿದ್ದೆನಲ್ಲ’ ಎಂದು ಕೈತೊಳೆದುಕೊಳ್ಳಲು ದಾರಿಯಾಗುತ್ತದೆ. ‘ಕೆಲಸ ವಹಿಸುವುದು’ ಸಾಕು.

ಕೋಲಾರದಿಂದ:
‘ವಹಿಸು’ ಸಂಸ್ಕೃತದ್ದು. ಸಾಲದ್ದಕ್ಕೆ ‘ನೇತೃತ್ವ ವಹಿಸಿದರು’ ಎಂದರೆ ತಾವೇ ಹೊತ್ತರು ಎಂದಾಗುತ್ತದೆ. ನಮ್ಮದೇ ‘ಹೊರಿಸು’ ಇಲ್ಲವೆ?

ಚಿಕ್ಕಬಳ್ಳಾಪುರದಿಂದ:
ಹೊರಿಸುವುದು ಆಪಾದನೆಯನ್ನು. ವಾರ್ಡಿಗೆ ಬೇಡ. ‘ಸಹಾಯಕಿಗೆ ವಹಿಸುವುದು’ ಎಂದು ಚತುರ್ಥಿ ವಿಭಕ್ತಿ ಹಾಕಿದರೆ ಗೊಂದಲವಿಲ್ಲ.

ತಲೆಬರಹಕ್ಕಿಂತ ಕೆಳಗಿನ ಸಾಲುಗಳ ಬಗ್ಗೆ ನನಗೆ ಹೆಚ್ಚು ಚಿಂತೆ. ‘ಬಿಪಿ ನೋಡಲಾಗುವುದು’ ಎಂದು ಬರೆಯಬೇಡಿ, ಯಾರು ನೋಡುವುದು? ‘ಆರನೇ ಬೆಡ್ ಸ್ವಲ್ಪ ನೋಡ್ಕೊಳಮ್ಮ’ ಎಂಬ ಮಾತಿನಿಂದಲೇ ಅನಾಹುತ ಆಗುವುದು. ಏನು ನೋಡಬೇಕು, ಎಷ್ಟಾದರೆ ಓಡಿ ಬರಬೇಕು ಎಂಬುದು ಅದರಲ್ಲಿಲ್ಲ. ಮಾದರಿ ವಾಕ್ಯ ಹೀಗಿರಲಿ: ‘ಆರನೇ ಬೆಡ್‌ನವರ ಚೀಲದಲ್ಲಿನ ಮೂತ್ರ ಗಂಟೆಗೊಮ್ಮೆ ಅಳೆದು ಬರೆಯಿರಿ. 30 ಮಿ.ಲೀ.ಗಿಂತ ಕಡಿಮೆ ಬಂದರೆ, ಇಲ್ಲವೆ ಕೆಂಪಗಿದ್ದರೆ, ಮುಂದಿನ ಗಂಟೆವರೆಗೆ ಕಾಯದೆ ನನಗೇ ಹೇಳಿ.’ ಕೇಳಿದವರು ಅದನ್ನೇ ತಿರುಗಿ ಹೇಳಬೇಕು. ತಲೆಯಾಡಿಸಿದ್ದು ಲೆಕ್ಕಕ್ಕಿಲ್ಲ. ಆಮೇಲೆ ನರ್ಸ್ ಹೋಗಿ ಬರೆದದ್ದನ್ನು ನೋಡಬೇಕು.

ವಹಿಸಬಾರದ್ದನ್ನೂ ದಪ್ಪಕ್ಷರದಲ್ಲಿ ಹಾಕಿ: ಔಷಧ ಕೊಡುವುದು, ಡ್ರಿಪ್ ವೇಗ ಬದಲಿಸುವುದು, ರೋಗಿಯ ಮೊದಲ ತಪಾಸಣೆ, ಆಪರೇಷನ್ ಆಗಿ ಬಂದವರ ಮೊದಲ ಬಿಪಿ. ಸ್ಥಿರವಾಗಿರುವ ರೋಗಿಗೆ ಮೈ ಒರೆಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ವಹಿಸಬಹುದು. ಅದೇ ರೋಗಿಗೆ ಉಸಿರು ಕಟ್ಟತೊಡಗಿದರೆ ಅದನ್ನೂ ವಾಪಸ್ ತೆಗೆದುಕೊಳ್ಳಬೇಕು. ಐದರಲ್ಲಿ ‘ಸಂದರ್ಭ’ ಎಂದಿರುವುದು ಇದಕ್ಕೇ.

ತುಮಕೂರಿನಿಂದ:
‘ಕೆಲಸ ವಹಿಸುವಾಗ ಐದು ಸರಿ ಇರಲಿ’ ಎಂದು ಹಾಕುತ್ತೇನೆ. ಕೆಳಗೆ ‘ಜವಾಬ್ದಾರಿ ನರ್ಸ್‌ರದ್ದೇ’.

ಕೋಲಾರದಿಂದ:
‘ಹೊಣೆ’ ಅನ್ನಿ ಮೇಡಂ. ಅರಬ್ಬಿ, ಪಾರಸಿ ಏಕೆ?

ಚಿಕ್ಕಬಳ್ಳಾಪುರದಿಂದ:
ಜವಾಬು ಎಂದರೆ ಉತ್ತರ. ಉತ್ತರ ಹೇಳಬೇಕಾದವರು ಎಂದೇ ಮೇಡಂ ಕೇಳಿದ್ದು. ‘ಜವಾಬ್ದಾರಿ’ ಇರಲಿ, ಆಯಾಗಳಿಗೂ ಗೊತ್ತಿರುವ ಮಾತು.

ಕೋಲಾರದಿಂದ:
ಗೊತ್ತಿರುವುದೇ ಅಳತೆಯಾದರೆ ‘ಡೆಲಿಗೇಷನ್’ ಒಂದನ್ನೇ ಏಕೆ ಬಿಟ್ಟಿರಿ?

ಚಿಕ್ಕಬಳ್ಳಾಪುರದಿಂದ:
ಅದು ನರ್ಸ್‌ಗಳಿಗೆ ಗೊತ್ತು. ಆಯಾಗಳಿಗೆ ಗೊತ್ತಿಲ್ಲ.