ಮೊಬೈಲಿನ ಕಿರು ಅರಿವಿನ ಪರೀಕ್ಷೆ: ಕಾಗದದ ಪರೀಕ್ಷೆಯೊಂದಿಗೆ ತಾಳೆಯಾದರೆ ಸಾಕೇ?

ಸಂಶೋಧನಾರ್ಥಿ, ಧಾರವಾಡ:
ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವವರ ಗಮನ, ಸ್ಮರಣೆ ಮತ್ತು ಯೋಚನೆಯ ವೇಗವನ್ನು ಏಳೆಂಟು ನಿಮಿಷಗಳಲ್ಲಿ ಅಳೆಯುವ ಮೊಬೈಲ್ ಪರೀಕ್ಷೆಯೊಂದನ್ನು ನಾವು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇವೆ. ಗದಗ, ಹಾವೇರಿ ಕಡೆಯಿಂದ ಧಾರವಾಡದ ಹೊರರೋಗಿ ವಿಭಾಗಕ್ಕೆ ಬರುವವರಿಗೆ ಊರಿನ ಬಸ್ಸು ತಪ್ಪೀತೆಂಬ ಚಿಂತೆ ಇರುವುದರಿಂದ, ದೀರ್ಘ ಪರೀಕ್ಷೆಗೆ ಅವರನ್ನು ಕೂರಿಸುವುದು ಕಷ್ಟ. ಅದೇ ವ್ಯಕ್ತಿಗಳಿಗೆ ಕಾಗದದ ಪರೀಕ್ಷೆಯನ್ನೂ ಕೊಟ್ಟು, ಎರಡರ ಅಂಕಗಳ ನಡುವೆ 0.7ರಷ್ಟು ಸಹಸಂಬಂಧ (ಒಂದರ ಅಂಕ ಏರಿದಂತೆ ಇನ್ನೊಂದರದೂ ಏರುವ ಮಟ್ಟ; ಗರಿಷ್ಠ 1) ಬಂದರೆ ನಮ್ಮ ಪರೀಕ್ಷೆ ಸಿಂಧು, ಅಂದರೆ ಅಳೆಯಬೇಕಾದ್ದನ್ನೇ ಅಳೆಯುತ್ತದೆ, ಎಂದು ಹೇಳಬಹುದೇ? ರೋಗಿಗಳನ್ನೂ ಆರೋಗ್ಯವಂತರನ್ನೂ ಒಂದೇ ಗುಂಪಾಗಿಸಿ ಲೆಕ್ಕ ಹಾಕುವ ಆಲೋಚನೆಯಿದೆ. ಬಲ್ಲವರು ದಯವಿಟ್ಟು ತಿಳಿಸಿ.

ಸಂಖ್ಯಾಶಾಸ್ತ್ರ ಬೋಧಕ, ಹುಬ್ಬಳ್ಳಿ:
ಎರಡು ಗುಂಪುಗಳನ್ನು ಬೆರೆಸುವ ಆಲೋಚನೆಯನ್ನು ಮೊದಲು ಕೈಬಿಡಿ. ಆರೋಗ್ಯವಂತರು ಎರಡೂ ಪರೀಕ್ಷೆಗಳಲ್ಲಿ ಮೇಲಿದ್ದು, ರೋಗಿಗಳು ಎರಡರಲ್ಲೂ ಕೆಳಗಿದ್ದರೆ, ಪ್ರತಿ ಗುಂಪಿನೊಳಗೆ ಸಂಬಂಧವೇ ಇಲ್ಲದಿದ್ದರೂ ಒಟ್ಟು ಸಹಸಂಬಂಧ ಉಬ್ಬಿಕೊಂಡು ಕಾಣುತ್ತದೆ. ನಿಮ್ಮ ಅಧ್ಯಯನ ರೋಗಿಗಳ ಕುರಿತಾದದ್ದಾದರೆ ಅವರೊಳಗಿನ ಸಹಸಂಬಂಧವನ್ನೇ ಪ್ರತ್ಯೇಕವಾಗಿ ತೋರಿಸಬೇಕು.

ಇನ್ನು 0.7ರ ಮಾತು. ಅದರ ವರ್ಗ 0.49, ಅಂದರೆ ಅಂಕಗಳ ಏರಿಳಿತದಲ್ಲಿ ಅರ್ಧದಷ್ಟು ಮಾತ್ರ ಎರಡಕ್ಕೂ ಸಾಮಾನ್ಯ. ಸಾಲದ್ದಕ್ಕೆ, ಎರಡರ ಅಂಕಗಳು ಒಂದಕ್ಕೊಂದು ಸಮನಾಗಿವೆಯೇ ಎಂಬುದನ್ನು ಸಹಸಂಬಂಧವು ಅಳೆಯುವುದಿಲ್ಲ: ಮೊಬೈಲಿನಲ್ಲಿ ಪ್ರತಿಯೊಬ್ಬರಿಗೂ ಐದೈದು ಅಂಕ ಕಡಿಮೆ ಬಂದರೂ ಸಹಸಂಬಂಧ ಪೂರ್ತಿ 1 ಆಗಿಯೇ ಉಳಿಯುತ್ತದೆ. ಎರಡೂ ಪರೀಕ್ಷೆಗಳ ಅಂಕಗಳು ಒಂದೇ ಮಾಪನದಲ್ಲಿದ್ದರೆ, ಸಂಖ್ಯಾಶಾಸ್ತ್ರಜ್ಞರಾದ ಬ್ಲಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿ ವಿವರಿಸಿದ ಕ್ರಮದಲ್ಲಿ ವ್ಯತ್ಯಾಸಗಳ ಸರಾಸರಿಯನ್ನೂ ಅದರ ಆಚೀಚೆ 1.96 ಮಾನಕ ವಿಚಲನೆಯ (ವ್ಯತ್ಯಾಸಗಳ ಹರಡಿಕೆಯ ಅಳತೆ) ಮಿತಿಗಳನ್ನೂ ನಕ್ಷೆಯಲ್ಲಿ ತೋರಿಸಿ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ವಿಶ್ವಾಸಾರ್ಹತೆ, ಅಂದರೆ ಮತ್ತೆ ಅಳೆದರೂ ಹೆಚ್ಚುಕಡಿಮೆ ಅದೇ ಅಂಕ ಬರುತ್ತದೆಯೇ ಎಂಬುದು. ಚಿಕಿತ್ಸೆಯಲ್ಲಿ ಬದಲಾವಣೆಯಿಲ್ಲದ ಒಂದಷ್ಟು ರೋಗಿಗಳಿಗೆ ಎರಡು ವಾರ ಬಿಟ್ಟು, ಅದೇ ಕಷ್ಟದ ಬೇರೆ ಪ್ರಶ್ನೆಗಳಿಂದ ಮರುಪರೀಕ್ಷೆ ನಡೆಸಿ. ಅದೇ ಪ್ರಶ್ನೆಗಳನ್ನು ಕೊಟ್ಟರೆ ನೀವು ಅಳೆಯುವುದು ಅಭ್ಯಾಸಬಲವನ್ನೇ. ಸ್ಟ್ರೂಪ್ ಮಾದರಿಯ ಪರೀಕ್ಷೆಯಿದ್ದರೆ (ಬಣ್ಣದ ಹೆಸರನ್ನು ಬೇರೆ ಬಣ್ಣದಲ್ಲಿ ಬರೆದು, ಪದವನ್ನು ಓದದೆ ಬರೆದ ಬಣ್ಣವನ್ನು ಹೇಳಿಸುವ ಪರೀಕ್ಷೆ) ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ಒಂದು ಸಮಯದಿಂದ ಇನ್ನೊಂದನ್ನು ಕಳೆದು ಪಡೆದ ಅಂಕದಲ್ಲಿ ಎರಡರ ದೋಷಗಳೂ ಸೇರಿಕೊಳ್ಳುತ್ತವೆ. ಗುಂಪಿನ ಮಟ್ಟದಲ್ಲಿ ಪರಿಣಾಮ ಸ್ಪಷ್ಟವಾಗಿ ಕಂಡರೂ ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸಲು ಅಂಥ ಅಂಕ ಹಲವು ಬಾರಿ ಸೋಲುತ್ತದೆ.

ಕ್ಲಿನಿಕಲ್ ಸೈಕಾಲಜಿಸ್ಟ್, ಧಾರವಾಡ:
ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಕಾಗದದ ಪರೀಕ್ಷೆಯನ್ನೇ ಒರೆಗಲ್ಲು ಎಂದುಕೊಳ್ಳುವ ಮುನ್ನ ಎರಡೂ ಕಡೆ ಕೆಲಸ ಒಂದೇ ಆಗಿದೆಯೇ ಎಂದು ನೋಡಿ. ಪ್ರತಿ ಅಂಕಿಗೆ ಗೊತ್ತುಮಾಡಿದ ಗುರುತನ್ನು ಬೇಗ ಬೇಗ ಹೊಂದಿಸುವ ಅಂಕಿ–ಸಂಕೇತ ಪರೀಕ್ಷೆಯಲ್ಲಿ ಕಾಗದದ ಮೇಲೆ ಪೆನ್ಸಿಲಿನಿಂದ ಗುರುತು ಬರೆಯಬೇಕು. ಮೊಬೈಲಿನಲ್ಲಿ ಬರೀ ಗುಂಡಿ ಒತ್ತಿದರಾಯಿತು. ಶಾಲೆ ಬಿಟ್ಟ ಮೇಲೆ ಪೆನ್ಸಿಲ್ ಮುಟ್ಟದವರಿಗೆ ಮೊದಲಿನದು ಕಷ್ಟ, ಎರಡನೆಯದು ಹೊಸದು. ನಿಮ್ಹಾನ್ಸ್ 2004ರಲ್ಲಿ ಹೊರತಂದ ಪರೀಕ್ಷಾಮಾಲೆಯಲ್ಲಿ ವಯಸ್ಸು, ಲಿಂಗ ಮತ್ತು ಶಿಕ್ಷಣಕ್ಕೆ ತಕ್ಕ ಮಾನದಂಡಗಳಿವೆ. ಅವುಗಳನ್ನು ಮೊಬೈಲಿನ ಅಂಕಗಳಿಗೆ ಹಾಗೆಯೇ ಅನ್ವಯಿಸುವಂತಿಲ್ಲ.

ಔಷಧಗಳ ವಿವರವನ್ನೂ ಬರೆದಿಟ್ಟುಕೊಳ್ಳಿ. ಕೆಲವು ಮನೋರೋಗದ ಔಷಧಗಳಿಂದ ಬರುವ ನಡುಕ, ಬಿಗಿತಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಸ್ಮರಣೆಯನ್ನು ಕುಂದಿಸುತ್ತದೆ, ನಿದ್ರೆ ತರಿಸುವ ಔಷಧಗಳು ಪ್ರತಿಕ್ರಿಯೆಯನ್ನು ನಿಧಾನಗೊಳಿಸುತ್ತವೆ. ಇದನ್ನೆಲ್ಲ ಖಿನ್ನತೆಯ ಲೆಕ್ಕಕ್ಕೆ ಹಾಕಬಾರದು.

ಕ್ಷೇತ್ರ ಸಂಯೋಜಕಿ, ಗದಗ:
ಬೇರೊಂದು ಅಧ್ಯಯನಕ್ಕಾಗಿ ಹಳ್ಳಿಗಳಲ್ಲಿ ಟ್ಯಾಬ್ ಹಿಡಿದು ಓಡಾಡಿದ ಅನುಭವದಿಂದ ಬರೆಯುತ್ತಿದ್ದೇನೆ. ಹೊಲದ ಕೆಲಸದಿಂದ ಬೆರಳ ತುದಿ ಒರಟಾಗಿ ಒಣಗಿದವರು ಮುಟ್ಟಿದ್ದನ್ನು ಪರದೆ ಎಷ್ಟೋ ಸಲ ಗ್ರಹಿಸುವುದಿಲ್ಲ. ಆಗ ಅವರು ಇನ್ನೂ ಗಟ್ಟಿಯಾಗಿ, ಬೆರಳೆತ್ತದೆ ಒತ್ತುತ್ತಾರೆ. ನಮ್ಮ ಆ್ಯಪ್ ಬೆರಳು ಎತ್ತಿದ ಕ್ಷಣವನ್ನು ದಾಖಲಿಸುತ್ತಿದ್ದುದರಿಂದ ಸರಿಯುತ್ತರ ಕೊಟ್ಟವರೂ ನಿಧಾನಿಗಳೆನಿಸಿಕೊಂಡರು. ಬೆರಳು ತಾಗಿದ ಕ್ಷಣವನ್ನೇ ದಾಖಲಿಸುವಂತೆ ಮಾಡಿಸಿಕೊಳ್ಳಿ. ಎಲ್ಲರಿಗೂ ಒಂದೇ ಮಾದರಿಯ ಸಾಧನ ಕೊಡಿ, ಏಕೆಂದರೆ 60 ಹರ್ಟ್ಸ್ ಪರದೆಯು ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಚಿತ್ರ ಬದಲಿಸಿದರೆ 120 ಹರ್ಟ್ಸ್ ಪರದೆಗೆ ಅದರರ್ಧ ಸಾಕು. ಅಂಕಕ್ಕೆ ಸೇರದ ಅಭ್ಯಾಸದ ಸುತ್ತೊಂದು ಇರಲಿ. ಜೊತೆಗೆ ಬಂದ ಮಗನೋ ಸೊಸೆಯೋ “ಕೊಡ್ರಿ, ನಾ ಒತ್ತತೀನಿ” ಎಂದು ಟ್ಯಾಬ್ ಇಸಿದುಕೊಳ್ಳುವುದುಂಟು. ಅವರನ್ನು ನಯವಾಗಿ ಹೊರಗೆ ಕೂರಿಸಲು ಒಬ್ಬರು ಬೇಕೇ ಬೇಕು.

ಸಂಶೋಧನಾರ್ಥಿ, ಧಾರವಾಡ:
ಮೂವರಿಗೂ ಧನ್ಯವಾದಗಳು. ಗುಂಪುಗಳನ್ನು ಪ್ರತ್ಯೇಕಿಸುತ್ತೇವೆ, ಮರುಪರೀಕ್ಷೆಯನ್ನು ಯೋಜನೆಗೆ ಸೇರಿಸುತ್ತೇವೆ. ಅರ್ಧದಷ್ಟು ಜನರಿಗೆ ಮೊಬೈಲ್ ಮೊದಲು, ಉಳಿದವರಿಗೆ ಕಾಗದ ಮೊದಲು ಎಂದು ಚೀಟಿ ಎತ್ತಿ ನಿರ್ಧರಿಸುವುದೆಂದುಕೊಂಡಿದ್ದೇನೆ. ಮೇಡಂ, ಅಭ್ಯಾಸದ ಸುತ್ತಿನಲ್ಲೇ ಪದೇ ಪದೇ ತಪ್ಪುವವರನ್ನು ಅಧ್ಯಯನದಿಂದ ಕೈಬಿಡುತ್ತಿದ್ದಿರೋ, ಅಥವಾ ಅವರ ಅಂಕಗಳನ್ನು ಬೇರೆಯಾಗಿ ಇಡುತ್ತಿದ್ದಿರೋ?

ಕ್ಷೇತ್ರ ಸಂಯೋಜಕಿ, ಗದಗ:
ಕೈಬಿಡುತ್ತಿರಲಿಲ್ಲ. ಎಷ್ಟು ಜನ ಅಲ್ಲೇ ನಿಂತರು, ಅವರ ವಯಸ್ಸು ಮತ್ತು ಓದು ಎಷ್ಟು ಎಂಬುದನ್ನು ಪ್ರತ್ಯೇಕ ಕೋಷ್ಟಕದಲ್ಲಿ ಕೊಡುತ್ತಿದ್ದೆವು.