ಲಾನ್ ಹಳದಿ ಆಗ್ತಿದೆ, ಏನ್ ಮಾಡಿದ್ರೂ ಸರಿ ಹೋಗ್ತಿಲ್ಲ!!

ಕೆಂಗೇರಿ_ಹಸಿರು: ಸಾಕಾಗ್ಹೋಯ್ತು. ಮೆಕ್ಸಿಕನ್ ಹುಲ್ಲು, 400 ಚದರಡಿ. ಶಿವರಾತ್ರಿ ಹೊತ್ತಿಗೆ ಅಲ್ಲಲ್ಲಿ ಹಳದಿ, ಈಗ ತುದಿ ಸುಟ್ಟಂಗಿದೆ. ಯೂರಿಯಾ ಆಯ್ತು, ಬೇವಿನಹಿಂಡಿ ಆಯ್ತು. ದಿನಾ ಎರಡು ಹೊತ್ತು ನೀರು. ಹುಲ್ಲು ಹಾಕಿದವನು ಫೋನೇ ಎತ್ತಲ್ಲ.

ಮಣ್ಣಿನಮಗ77: ಬೇರು ತಿನ್ನೋ ಗೊಣ್ಣೆ ಹುಳು. ಕಣ್ಮುಚ್ಚಿ ಹೇಳ್ತೀನಿ. ಎಳೆದು ನೋಡಿ, ಚಾಪೆ ಥರ ಎದ್ದು ಬರುತ್ತೆ.

ಕೆಂಗೇರಿ_ಹಸಿರು: ಎಳೆದೆ, ಬರ್ಲಿಲ್ಲ.

ಮಣ್ಣಿನಮಗ77: ಅರ್ಧ ಅಡಿ ಅಗೀರಿ.

ಕೆಂಗೇರಿ_ಹಸಿರು: ಮೂರು ಕಡೆ ಅಗೆದೆ. ಎರೆಹುಳಾನೂ ಸಿಗ್ಲಿಲ್ಲ. ಈಗ ಹಳದಿ ಜೊತೆ ಗುಂಡಿನೂ ಇದೆ.

ಗರಿಕೆಪ್ರಿಯ: ಮಳೆ ಬಿದ್ಮೇಲೆ ದುಂಬಿ ಎದ್ದು ಮೊಟ್ಟೆ ಇಡೋದು ಗುರು, ಮಾರ್ಚಲ್ಲಿ ಎಲ್ಲಿಂದ ಬಂತು ಗೊಣ್ಣೆ? ಅಂದ್ಹಾಗೆ ಅದು ಮೆಕ್ಸಿಕೋದ್ದಲ್ಲ, ಜೋಯ್ಸಿಯಾ. ಏಷ್ಯಾದ ಹುಲ್ಲು. ನಮ್ಮ ಗರಿಕೆ ಹಾಕಿದ್ರೆ ಈ ಪಾಡೇ ಇಲ್ಲ.

ಮಣ್ಣಿನಮಗ77: ಗರಿಕೆ ಹೂವಿನ ಮಡಿಗೆ ನುಗ್ಗಿದ್ರೆ ನೀವು ಬಂದು ಕೀಳ್ತೀರಾ?

ಡ್ರಿಪ್‌ರಾಯ: 2024ರ ಮಾರ್ಚಲ್ಲಿ ಜಲಮಂಡಳಿ, ಕುಡಿಯೋ ನೀರು ಗಿಡಕ್ಕೆ ಬಿಟ್ರೆ 5000 ರೂ. ದಂಡ ಅಂತಲ್ಲ, ಆವತ್ತೇ ಲಾನ್ ಕಿತ್ತೆ. ಈಗ ಕಣಗಿಲೆ, ಲೋಳೆಸರ, ಕಾಗದದ ಹೂವು. ಬುಡಕ್ಕೆ ತೆಂಗಿನ ಸಿಪ್ಪೆ. ಟೈಮರ್ ಬೆಳಿಗ್ಗೆ 5:30ಕ್ಕೆ. ಫೋಟೋ ಹಾಕ್ಲಾ?

ತೋಟದಕ್ಕ: ಯಾವ ನೀರು ಸರ್? ಕಾವೇರೀನಾ, ಬೋರಾ?

ಕೆಂಗೇರಿ_ಹಸಿರು: ಬೋರ್. ನೀರಿನ ತೊಂದ್ರೆ ಏನಿಲ್ಲ ಮೇಡಂ, ಡಿಸೆಂಬರಲ್ಲೇ ನೀರಿನ ಗಡಸು ತೆಗೆಯೋ ಸಾಫ್ಟ್‌ನರ್ ಹಾಕ್ಸಿದೀವಿ. ನಲ್ಲಿ ಎಲ್ಲ ಫಳಫಳ.

ತೋಟದಕ್ಕ: ಇದನ್ನ ಮೊದಲೇ ಹೇಳ್ಬಾರ್ದಾ! ಮೂಟೆಗಟ್ಟಲೆ ಉಪ್ಪು ಸುರೀತೀರಲ್ಲ ಅದಕ್ಕೆ? ನೀರಲ್ಲಿರೋ ಕ್ಯಾಲ್ಸಿಯಂ ಹಿಡ್ಕೊಂಡು ಸೋಡಿಯಂ ಬಿಡುತ್ತೆ ಅದು. ಬಟ್ಟೆಗೆ ಒಳ್ಳೇದು, ಮಣ್ಣಿಗಲ್ಲ. ಸೋಡಿಯಂ ಕೂತ್ರೆ ಮಣ್ಣು ಕಚ್ಕೊಂಡು ನೀರು ಇಳಿಯಲ್ಲ. ಈಗ ನೀರು ಬಿಟ್ಟು ಅರ್ಧ ಗಂಟೆ ಬಿಟ್ಟು ನೋಡಿ.

ಕೆಂಗೇರಿ_ಹಸಿರು: ನಿಂತೇ ಇದೆ. ಒಣಗಿರೋ ಕಡೆ ಹಪ್ಪಳದಂಥ ಪದರ, ಬೆರಳಲ್ಲಿ ಒತ್ತಿದ್ರೆ ಚಟ್ ಅನ್ನುತ್ತೆ. ಅಂಚೆಲ್ಲ ಬೆಳ್ಳಗೆ. ಪೇಂಟ್ ಮಾಡ್ದಾಗ ಬಿದ್ದಿದ್ದು ಅಂದ್ಕೊಂಡಿದ್ದೆ.

ತೋಟದಕ್ಕ: ಅದೇ. ಯೂರಿಯಾ ನಿಲ್ಸಿ. ಕಡ್ಡಿಯಲ್ಲಿ ತೂತು ಮಾಡಿ, ಮಣ್ಣಿಂದ ಸೋಡಿಯಂ ಬಿಡಿಸೋಕೆ ಜಿಪ್ಸಂ ಹಾಕಿ, 100 ಚದರಡಿಗೆ 2 ಕೆಜಿ. ಸಾಫ್ಟ್‌ನರ್‌ಗೆ ಬರೋ ಮುಂಚಿನ ಪೈಪಿಂದ ಗಾರ್ಡನ್ ನಲ್ಲಿಗೆ ಲೈನ್ ಎಳೆಸಿ. ಆ ಬೋರ್ ನೀರನ್ನೇ ಒಂದು ದಿನ ಚೆನ್ನಾಗಿ ಹಾಯಿಸಿ, ಆಮೇಲೆ ಮೂರು ದಿನಕ್ಕೊಂದ್ಸಲ ಸಾಕು.

ಮಣ್ಣಿನಮಗ77: ಆದ್ರೂ ಒಂದ್ಸಲ ಗೊಣ್ಣೆಗೆ ಔಷಧಿ ಹೊಡೆದು ನೋಡಿ.

ಕೆಂಗೇರಿ_ಹಸಿರು: ಪ್ಲಂಬರ್ ಬಂದಿದ್ದ. ಲೈನ್ ಎಳೀಬೇಕಂದ್ರೆ ಟೈಲ್ಸ್ ಒಡೀಬೇಕಂತೆ. ಮನೇಲಿ ಒಪ್ತಿಲ್ಲ.

ತೋಟದಕ್ಕ: ಒಡೀಬೇಡಿ. ಮೆಷಿನ್ ಪಕ್ಕ ಬೈಪಾಸ್ ವಾಲ್ವ್ ಇದ್ಯಾ ನೋಡಿ. ಇದ್ರೆ ಲಾನ್‌ಗೆ ನೀರು ಬಿಡೋವಾಗ ತಿರುಗಿಸ್ಕೊಳ್ಳಿ, ನೀರು ಸಾಫ್ಟ್‌ನರ್ ಒಳಗೆ ಹೋಗ್ದೆ ನೇರ ಬರುತ್ತೆ.

ಹಾಸನದ_ಹೂ: ಇದೇ ಜಿಪ್ಸಂ ದಾಸವಾಳದ ಹಿಟ್ಟು ತಿಗಣೆಗೂ ಆಗುತ್ತಾ?